ನಾಲ್ಕು ತಲೆಮಾರು ಕಂಡ ವಿಜಾಪುರ

ನಮ್ಮ ಶಾಲೆಯ ಮಕ್ಕಳಿಗೆ ವಿಜಾಪುರ ಹೊಸ ಊರಲ್ಲ. ಎರಡು ವರ್ಷಕ್ಕೊಮ್ಮೆಯಾದರೂ ಪ್ರವಾಸದ ಬಸ್ಸು ಅತ್ತ ಹೋಗುತ್ತದೆ. ಗೋಳಗುಮ್ಮಟದಲ್ಲಿ ಮನಸಾರೆ ಕೂಗುವುದು, ಮಲಿಕ್-ಎ-ಮೈದಾನ ತೋಪಿನ ಮುಂದೆ ಸಾಲಾಗಿ ನಿಂತು ಫೋಟೋ ತೆಗೆಸಿಕೊಳ್ಳುವುದು, ಬುತ್ತಿ ಬಿಚ್ಚುವುದು, ಕತ್ತಲಾಗುವುದರೊಳಗೆ ಜತ್ತಕ್ಕೆ ತಿರುಗುವುದು. ಇಷ್ಟಕ್ಕೆ ಊರು ನೋಡಿ ಮುಗಿಯಿತೆಂದು ತಿಳಿಯುತ್ತೇವೆ. ಶಿಕ್ಷಕನ ಹೊತ್ತೆಲ್ಲ ಮಕ್ಕಳ ತಲೆ ಎಣಿಸುವುದರಲ್ಲೇ ಹೋಗುತ್ತದೆ. ಹೀಗೆ ಏಳೆಂಟು ಸಲ ಹೋಗಿಬಂದ ನಾನು ಆ ಊರನ್ನು ನಿಜವಾಗಿ ನೋಡಿದ್ದು 2023ರ ದೀಪಾವಳಿ ಸೂಟಿಯಲ್ಲಿ, ಮನೆಮಂದಿಯನ್ನು ಕರೆದುಕೊಂಡು ಹೋದಾಗ. ಅಂದು ಕಂಡದ್ದನ್ನೂ ಅಂದು ಎದ್ದ ಪ್ರಶ್ನೆಗಳನ್ನೂ ವಿದ್ಯಾರ್ಥಿ ಮಿತ್ರರಿಗೆ ವಿವರಿಸುವುದಕ್ಕಾಗಿ ಈ ಲೇಖನ.

ನಾವು ಏಳು ಜನ. ಎಂಬತ್ತೈದು ದಾಟಿದ ನನ್ನ ಅಜ್ಜಿ, ಅಂದರೆ ತಂದೆಯ ತಾಯಿ, ನನ್ನ ತಂದೆ ತಾಯಿ, ನಾವಿಬ್ಬರು, ಒಂಬತ್ತನೆಯ ಇಯತ್ತೆಯ ನನ್ನ ಮಗಳು, ಸೂಟಿಗೆಂದು ಪುಣೆಯಿಂದ ಬಂದಿದ್ದ ತಮ್ಮನ ಮಗ, ಹತ್ತು ವರ್ಷದವನು. ಅಜ್ಜಿಗೆ ಅಕ್ಷರ ಬಾರದು. ತಂದೆಯವರ ಕಾಲಕ್ಕೆ ನಮ್ಮ ಊರಲ್ಲಿ ಕನ್ನಡ ಶಾಲೆ ನಾಲ್ಕಕ್ಕೇ ನಿಂತಿತ್ತು. ಮುಂದೆ ಅವರು ಕಲಿತದ್ದು ಮರಾಠಿಯಲ್ಲಿ. ನಾನು ಏಳರವರೆಗೆ ಕನ್ನಡ, ಆಮೇಲೆ ಮರಾಠಿ. ಪುಣೆಯ ಹುಡುಗ ಶಾಲೆಯಲ್ಲಿ ಇಂಗ್ಲಿಷು, ಓಣಿಯಲ್ಲಿ ಮರಾಠಿ. ಕನ್ನಡ ಅರ್ಧ ತಿಳಿಯುತ್ತದೆ, ಓದಲು ಬಾರದು. ಹೀಗಾಗಿ ಅಜ್ಜಿ ಕೇಳಿದ್ದನ್ನು ಅವನಿಗೂ ಅವನು ಕೇಳಿದ್ದನ್ನು ಅಜ್ಜಿಗೂ ದಾಟಿಸುವ ಕೆಲಸ ದಿನವಿಡೀ ನನ್ನ ಮಗಳಿಗೆ ಬಿತ್ತು.

ಬೆಳಗಿನ ಐದಕ್ಕೇ ಕ್ರೂಸರ್ ಗಾಡಿ ಹೊರಟಿತು. ಜತ್ತದಿಂದ ವಿಜಾಪುರ ಸುಮಾರು ಎಪ್ಪತ್ತು ಕಿಲೋಮೀಟರು. ಗುಹಾಗರದಿಂದ ವಿಜಾಪುರದವರೆಗಿನ ಹೆದ್ದಾರಿ ನಮ್ಮ ಜತ್ತದ ಮೇಲೆಯೇ ಹೋಗುತ್ತದೆ. ಹಾದಿಯುದ್ದಕ್ಕೂ ಅದೇ ಬಯಲು, ಅದೇ ಜಾಲಿ, ಅದೇ ಕರಿಗಲ್ಲು. ಗಡಿ ದಾಟಿದ್ದು ತಿಳಿದದ್ದು ಫಲಕಗಳ ಅಕ್ಷರ ಬದಲಾದಾಗ. "ನನ್ನ ಲಗ್ನ ಆದಾಗ ಇಲ್ಲಿ ಗಡಿಗಿಡಿ ಏನೂ ಇದ್ದಿಲ್ಲ" ಎಂದಳು ಅಜ್ಜಿ. ಅವಳ ತವರು ವಿಜಾಪುರ ಜಿಲ್ಲೆಯ ಹಳ್ಳಿ. ಲಗ್ನವಾದಾಗ ತವರೂ ಗಂಡನ ಮನೆಯೂ ಮುಂಬಯಿ ರಾಜ್ಯದಲ್ಲೇ ಇದ್ದವು. 1956ರ ನವೆಂಬರ 1ಕ್ಕೆ ವಿಜಾಪುರ ಮೈಸೂರು ರಾಜ್ಯಕ್ಕೆ ಸೇರಿತು, ಜತ್ತ ಮುಂಬಯಿಯಲ್ಲೇ ಉಳಿಯಿತು. ತವರಿಗೆ ಹೋಗುವ ದಾರಿ ಅದೇ. ರಾಜ್ಯ ಮಾತ್ರ ಬೇರೆಯಾಯಿತು.

ಮಕ್ಕಳು ಇಲ್ಲಿ ಒಂದು ಮಾತು ಗಮನಿಸಬೇಕು. ಜತ್ತಕ್ಕೂ ವಿಜಾಪುರಕ್ಕೂ ನಂಟು ಇಂದಿನದಲ್ಲ. ಡಫಳಾಪುರದ ಪಾಟೀಲಕಿಯ ಸಟವಾಜಿರಾವ ಚವ್ಹಾಣ ಡಫಳೆಯವರಿಗೆ ಈ ಸೀಮೆಯ ದೇಶಮುಖಿ ದೊರೆತದ್ದು ವಿಜಾಪುರದ ಆದಿಲಶಾಹಿಯಿಂದ. ಅದೇ ಮುಂದೆ ಜತ್ತ ಸಂಸ್ಥಾನವಾಯಿತು. ಸಾತಾರೆಯ ಜಹಗೀರುಗಳಲ್ಲಿ ಒಂದೆಂದು ಎಣಿಸುತ್ತಿದ್ದರೂ ಇಂಗ್ಲಿಷರ ಕಾಲದಲ್ಲಿ ಅದರ ಮೇಲ್ವಿಚಾರಣೆ ವಿಜಾಪುರದ ಕಲೆಕ್ಟರನದಾಗಿತ್ತು. 1948ರಲ್ಲಿ ಸಂಸ್ಥಾನ ವಿಲೀನವಾಯಿತು. 1949ರಲ್ಲಿ ದಕ್ಷಿಣ ಸಾತಾರಾ ಜಿಲ್ಲೆ, 1960ರಲ್ಲಿ ಅದಕ್ಕೆ ಸಾಂಗಲಿ ಎಂಬ ಹೆಸರು. ಹೆಸರಿನ ಮಾತು ಬಂತೆಂದು ಹೇಳುತ್ತೇನೆ: ಬಿಜಾಪುರಕ್ಕೆ ಸರಕಾರಿ ದಫ್ತರದಲ್ಲಿ ವಿಜಯಪುರ ಎಂದಾದದ್ದು 2014ರ ನವೆಂಬರದಲ್ಲಿ. ನಮ್ಮ ಕಡೆಯ ಬಾಯಿಗೆ ವಿಜಾಪುರವೇ ಸಲೀಸು, ಅಜ್ಜಿಯ ಬಾಯಿಗೆ ಇಜಾಪುರ.

ಊರಿನ ಮೂಡಣ ತುದಿಯ ಗೋಳಗುಮ್ಮಟಕ್ಕೆ ಮೊದಲು ಹೋಗಿ, ಅಲ್ಲಿಂದ ಪಡುವಣಕ್ಕೆ ನೋಡುತ್ತ ಬರುವುದೆಂದು ನಿಶ್ಚಯಿಸಿದ್ದೆವು. ಇದಕ್ಕೆ ಕಾರಣವುಂಟು. ಗೋಳಗುಮ್ಮಟದ ಪಿಸುಮಾತು ಕೇಳಬೇಕಾದರೆ ಜನ ಸೇರುವ ಮೊದಲೇ ಮೇಲೆ ಹತ್ತಬೇಕು. ಹತ್ತು ಗಂಟೆಯ ಮೇಲೆ ಹೋದವರಿಗೆ ಸಿಕ್ಕುವುದು ಬರೀ ಗದ್ದಲ. ನಮ್ಮ ಶಾಲೆಯ ಬಸ್ಸು ಎಂದೂ ಹನ್ನೊಂದಕ್ಕೆ ಮುಂಚೆ ಮುಟ್ಟಿಲ್ಲ ಎಂಬುದನ್ನು ಇಲ್ಲಿ ಒಪ್ಪಿಕೊಳ್ಳುತ್ತೇನೆ.

ಇದು ಮಹಮ್ಮದ ಆದಿಲಶಹನ ಗೋರಿ. ಅವನು ಆಳಿದ್ದು 1627ರಿಂದ 1656ರವರೆಗೆ. ಕಟ್ಟಿಸಿದ ಶಿಲ್ಪಿ ದಾಭೋಳದ ಯಾಕೂತ. ಒಳಗಿನ ಕೋಣೆ ಒಂದೇ ಚೌಕ, ಪ್ರತಿ ಮಗ್ಗಲು ಸುಮಾರು 135 ಅಡಿ. ನೆಲದ ವಿಸ್ತೀರ್ಣ 18,337 ಚದರ ಅಡಿ. ನಡುವೆ ಒಂದೂ ಕಂಬವಿಲ್ಲ. ಗುಮ್ಮಟದ ಒಳಗಿನ ಅಡ್ಡಳತೆ ಸುಮಾರು 124 ಅಡಿ, ದಪ್ಪ ಹತ್ತು ಅಡಿಯಷ್ಟು. ಇದು ಜಗತ್ತಿನ ಎರಡನೆಯ ದೊಡ್ಡ ಗುಮ್ಮಟವೆಂದು ಗೈಡುಗಳು ಹೇಳುವುದುಂಟು. ಅದು ಪೂರ್ತಿ ನಿಜವಲ್ಲ. ಇದನ್ನು ಕಟ್ಟುವ ಕಾಲಕ್ಕೇ ರೋಮಿನಲ್ಲಿ ಎರಡು, ಫ್ಲಾರೆನ್ಸಿನಲ್ಲಿ ಒಂದು ಇದಕ್ಕಿಂತ ಅಗಲವಾದ ಗುಮ್ಮಟಗಳಿದ್ದವು. ಆದರೆ ಒಂದೇ ಗುಮ್ಮಟದ ಕೆಳಗೆ ಬರುವ ನೆಲವನ್ನು ಅಳೆದರೆ ರೋಮಿನ ಪ್ಯಾಂಥಿಯನ್ನಿಗಿಂತ ಇದೇ ದೊಡ್ಡದು. ನಿಜವೇ ಇಷ್ಟು ದೊಡ್ಡದಿರುವಾಗ ಅದಕ್ಕೆ ಮತ್ತೆ ಬಣ್ಣ ಬಳಿಯುವುದೇಕೆ?

"ಕೆಳಗ ಚೌಕ ಐತಿ, ಮ್ಯಾಲ ಗುಂಡಗ ಹೆಂಗ ಕುಂತೈತಿ?" ಎಂದು ಕೇಳಿದವರು ನನ್ನ ತಂದೆ. ಕಟ್ಟಡ ಶಾಸ್ತ್ರದ ಮೂಲ ಪ್ರಶ್ನೆಯೇ ಅದು. ಮಗಳ ವಹಿಯಿಂದ ಎರಡು ಹಾಳೆ ಹರಿದು ಸಮಚೌಕ ಮಾಡಿದೆ. ನೀವೂ ಮಾಡಿ ನೋಡಬಹುದು. ಒಂದರ ಮೇಲೆ ಒಂದನ್ನಿಟ್ಟು, ಮೇಲಿನದನ್ನು 45 ಅಂಶ ತಿರುಗಿಸಿರಿ. ಎಂಟು ಮೂಲೆಯ ನಕ್ಷತ್ರವಾಗುತ್ತದೆ. ಎರಡೂ ಚೌಕಗಳು ಒಂದನ್ನೊಂದು ಮುಚ್ಚಿದ ನಡುಭಾಗ ಅಷ್ಟಕೋನ. ಚೌಕಕ್ಕಿಂತ ಅಷ್ಟಕೋನ ವೃತ್ತಕ್ಕೆ ಹತ್ತಿರವಷ್ಟೆ. ಗೋಳಗುಮ್ಮಟದ ಗೋಡೆಗಳಿಂದ ಎದ್ದ ಎಂಟು ಭಾರೀ ಕಮಾನುಗಳು ಈ ಎರಡು ಚೌಕಗಳ ಬದಿಗಳಂತೆ ಒಂದನ್ನೊಂದು ಹಾಯ್ದು ಹೋಗುತ್ತವೆ. ಮೇಲೆ ಹೋದಂತೆ ಒಳಕ್ಕೆ ಬಾಗಿ ಒಂದು ಗುಂಡನೆಯ ಬಳೆಯನ್ನು ಹಿಡಿದು ನಿಲ್ಲುತ್ತವೆ. ಗುಮ್ಮಟ ಕೂತದ್ದು ಗೋಡೆಯ ತುದಿಯ ಮೇಲಲ್ಲ, ಒಳಕ್ಕೆ ಚಾಚಿದ ಈ ಬಳೆಯ ಮೇಲೆ. 135 ಅಡಿಯ ಕೋಣೆಗೆ 124 ಅಡಿಯ ಗುಮ್ಮಟ ಸಾಕಾದದ್ದು ಹೀಗೆ.

ಇನ್ನೊಂದು ಲಾಭವೂ ಇದೆ. ಗುಮ್ಮಟದ ಭಾರ ಕೆಳಕ್ಕಷ್ಟೇ ಅಲ್ಲ, ಹೊರಕ್ಕೂ ನೂಕುತ್ತದೆ. ಹಳೆಯ ಮಾಳಿಗೆಯ ಗೋಡೆ ಹೊರಕ್ಕೆ ಹೊಟ್ಟೆ ಬಿಡುವುದನ್ನು ನೀವು ನೋಡಿದ್ದೀರಿ. ಇಲ್ಲಿ ಒಳಕ್ಕೆ ಚಾಚಿದ ಆ ಕಮಾನುಗಳ ತೂಕ ಗೋಡೆಯನ್ನು ಒಳಕ್ಕೆ ಎಳೆದು, ಹೊರನೂಕಿಗೆ ಎದುರಾಗಿ ನಿಲ್ಲುತ್ತದೆ. ಗುಮ್ಮಟವೂ ಕಲ್ಲಿನದಲ್ಲ. ಇಟ್ಟಿಗೆಗಳನ್ನು ಅಡ್ಡಡ್ಡ ಇಟ್ಟು ದಪ್ಪ ಸುಣ್ಣದ ಗಾರೆಯಲ್ಲಿ ಹುದುಗಿಸಿದ್ದಾರೆ; ಒಣಗಿ ಗಟ್ಟಿಯಾದ ಮೇಲೆ ಅದು ಒಂದೇ ಚಿಪ್ಪಿನಂತಾಗಿದೆ. ಇಷ್ಟನ್ನೆಲ್ಲ ನಾನು ಹೇಳಿ ಮುಗಿಸಿದಾಗ ಅಜ್ಜಿ ಒಂದೇ ಮಾತಿನಲ್ಲಿ ಹೇಳಿಬಿಟ್ಟಳು: "ಕೊಡಕ್ಕ ಸಿಂಬಿ ಇಟ್ಟಂಗ ಅನ್ನು."

ಮೂಲೆಗಳಲ್ಲಿ ಏಳೇಳು ಅಂತಸ್ತಿನ ನಾಲ್ಕು ಮಿನಾರುಗಳು. ಅವುಗಳೊಳಗೆ ಕಡಿದಾದ ಪಾವಟಿಗೆ. ಅಜ್ಜಿ ಹತ್ತುವುದು ಸಾಧ್ಯವಿರಲಿಲ್ಲ, ತಂದೆಯವರು ಅವಳ ಜೊತೆಗೆ ಉಳಿದರು. ಮೊಳಕಾಲು ನೋವೆಂದು ದಿನವೂ ಎಣ್ಣೆ ತಿಕ್ಕಿಕೊಳ್ಳುವ ನನ್ನ ತಾಯಿ ಎಲ್ಲರಿಗಿಂತ ಮೊದಲು ಮೇಲೆ ಮುಟ್ಟಿ ನಮ್ಮ ದಾರಿ ಕಾಯುತ್ತಿದ್ದರು. ನೆಲದಿಂದ 109 ಅಡಿ ಎತ್ತರದಲ್ಲಿ ಗುಮ್ಮಟದ ಒಳಸುತ್ತಿಗೆ ಹನ್ನೊಂದು ಅಡಿ ಅಗಲದ ಓಣಿ. ಮಗಳು ಒಂದು ಕಡೆ ಗೋಡೆಗೆ ಕಿವಿ ಹಚ್ಚಿ ನಿಂತಳು, ಹುಡುಗ ಎದುರು ಬದಿಗೆ. ನಡುವೆ ಸುಮಾರು 38 ಮೀಟರು ಬಯಲು. ಅವನು ಗೋಡೆಗೆ ಬಾಯಿಟ್ಟು ಏನೋ ಹೇಳಿದ. ಮಗಳು ನಕ್ಕಳು. ಏನೆಂದನೆಂದು ಕೇಳಿದರೆ, "ಭೂಕ ಲಾಗಲೀ ಅಂತ."

ಪಿಸುಮಾತು ನೇರವಾಗಿ ಹಾಯ್ದು ಬರುವುದಲ್ಲ. ಬಾಗಿದ ಗೋಡೆಯ ಮಗ್ಗಲಿಗೇ ಅಂಟಿಕೊಂಡಂತೆ ಸುತ್ತಿ ಬರುತ್ತದೆ. ಬಯಲಿನಲ್ಲಿ ಧ್ವನಿ ಎಲ್ಲ ಕಡೆಗೆ ಹರಡಿ ಸೋತುಹೋಗುತ್ತದೆ. ಇಲ್ಲಿ ನುಣುಪು ಗೋಡೆ ಅದನ್ನು ಹರಡಗೊಡದೆ ಮುಂದಕ್ಕೆ ದಾಟಿಸುತ್ತದೆ. ಲಂಡನ್ನಿನ ಸೇಂಟ್ ಪಾಲ್ ಚರ್ಚಿನ ಗುಮ್ಮಟದಲ್ಲಿಯೂ ಹೀಗೆಯೇ. ಅಲ್ಲಿಯ ಸೋಜಿಗವನ್ನು ಮೊದಲು ವಿವರಿಸಿದವನು ಲಾರ್ಡ್ ರ‍್ಯಾಲೆ. ನಮ್ಮ ಸರ್ ಸಿ. ವಿ. ರಾಮನ್ನರು 1920ರ ದಶಕದ ಮೊದಲಲ್ಲಿ ಸೇಂಟ್ ಪಾಲಿನೊಡನೆ ಗೋಳಗುಮ್ಮಟವನ್ನೂ ಪರೀಕ್ಷಿಸಿ ಪ್ರಬಂಧ ಬರೆದರು. ಇದು ಪಿಸುಮಾತಿನ ಸಂಗತಿ. ಚಪ್ಪಾಳೆ ಏಳೆಂಟು ಸಲ ಮರುಕಳಿಸುವುದು ಬೇರೆ. ಧ್ವನಿ ಸೆಕೆಂಡಿಗೆ ಸುಮಾರು 340 ಮೀಟರು ಓಡುತ್ತದೆ. ಎದುರು ಗೋಡೆಗೆ ಬಡಿದು ಮರಳಲು ಕಾಲು ಸೆಕೆಂಡೂ ಬೇಡ. ಹತ್ತನೆಯ ಒಂದು ಸೆಕೆಂಡು ಅಂತರವಿದ್ದರೆ ಕಿವಿ ಎರಡನ್ನೂ ಬೇರೆ ಬೇರೆಯಾಗಿ ಗುರುತಿಸುತ್ತದೆ. ಹೀಗೆ ಹೋಗಿ ಬಂದು, ಹೋಗಿ ಬಂದು ಶಬ್ದ ಕ್ಷೀಣಿಸುತ್ತದೆ. ನಾನು ಇದನ್ನು ಹೇಳುತ್ತಿರುವಾಗಲೇ ಯಾವುದೋ ಪ್ರವಾಸದ ಮಕ್ಕಳು ಬಂದು ಸೀಟಿ ಹೊಡೆಯತೊಡಗಿದರು. ನನ್ನ ಮಾತು ನನಗೇ ಕೇಳಿಸದಾಯಿತು. ಇಳಿದೆವು.

ಕೆಳಗೆ ಅಜ್ಜಿ ಗೋಡೆಯ ಕಲ್ಲಿನ ಮೇಲೆ ಅಂಗೈ ಇಟ್ಟುಕೊಂಡು ಕೂತಿದ್ದಳು. "ಕಲ್ಲ ಏನೋ ಒಡದ್ರು. ಇಷ್ಟೆಲ್ಲಾ ಸುಣ್ಣ ಕಲಸಾಕ ನೀರ ಬೇಕಲ್ಲೋ? ಈ ಬಯಲಾಗ ನೀರ ಎಲ್ಲಿಂದ ತಂದ್ರು?"

ಏಳೆಂಟು ಸಲ ಬಂದರೂ ನನಗೆ ಹೊಳೆಯದ ಪ್ರಶ್ನೆ ಇದು. ಅವಳಿಗೆ ಹೊಳೆದದ್ದಕ್ಕೆ ಕಾರಣವಿದೆ. 1972ರ ಬರಗಾಲದಲ್ಲಿ ಜತ್ತದ ಹಳ್ಳಿಹಳ್ಳಿಯವರು ಸರಕಾರಿ ಕಾಮಗಾರಿಗೆ ಹೋಗಿ ಖಡಿ ಒಡೆದರು, ಅಜ್ಜಿಯೂ ಒಡೆದಳು. ರಸ್ತೆಯ ಮಗ್ಗಲಿಗೆ ಕೂತು, ಕೈಗೆ ಬಟ್ಟೆ ಸುತ್ತಿಕೊಂಡು, ದೊಡ್ಡ ಗುಂಡನ್ನು ಸಣ್ಣ ಖಡಿ ಮಾಡಿ ರಾಶಿ ಹಾಕುವುದು. ರಾಶಿ ಅಳೆದು ಕೂಲಿ. ಮಕ್ಕಳಿಗೆ ಸುಕಡಿ, ರೇಶನ್ನಿಗೆ ಪರದೇಶದ ಕೆಂಪು ಜೋಳ. ಆ ಬರದ ಅನುಭವದಿಂದಲೇ ಮುಂದೆ ಮಹಾರಾಷ್ಟ್ರದಲ್ಲಿ ರೋಜಗಾರ ಹಮಿ ಯೋಜನೆ ಬೆಳೆದು 1977ರಲ್ಲಿ ಕಾಯದೆಯಾಯಿತು ಎಂಬುದನ್ನು ನೀವು ಪಾಠದಲ್ಲಿ ಓದಿದ್ದೀರಿ. ಅಜ್ಜಿ ಓದಿಲ್ಲ. ಕಲ್ಲು ನೋಡಿದರೆ ಅದಕ್ಕೆ ಎಷ್ಟು ಪೆಟ್ಟು ಬೇಕೆಂಬುದು ಅವಳಿಗೆ ತಿಳಿಯುತ್ತದೆ. ಎರಡು ಗಾಡಿ ಸುಣ್ಣಕ್ಕೆ ಎಷ್ಟು ಕೊಡ ನೀರೆಂಬುದೂ ತಿಳಿಯುತ್ತದೆ. ನಾವು ಹೊರಟ ಆ ವರ್ಷವೂ ಮಳೆ ಕೈಕೊಟ್ಟಿತ್ತು. ದೀಪಾವಳಿಗೇ ನಮ್ಮ ವಸ್ತಿಗೆ ಟ್ಯಾಂಕರು ಬರುತ್ತಿತ್ತು.

ಉತ್ತರವನ್ನು ಊರೇ ಹೇಳುತ್ತದೆಂದು ಪಡುವಣಕ್ಕೆ ಹೊರಟೆವು. ದಾರಿಯಲ್ಲಿ ಬಾರಾಕಮಾನು. ಎರಡನೆಯ ಅಲಿ ಆದಿಲಶಹನ ಮುಗಿಯದ ಗೋರಿ. 1672ರಲ್ಲಿ ಅವನು ತೀರಿಕೊಂಡ, ಕಮಾನುಗಳು ಬಯಲಿಗೆ ಬಾಯಿ ತೆರೆದು ನಿಂತವು. ಮಲಿಕ್-ಎ-ಮೈದಾನದ ಹತ್ತಿರ ಹುಡುಗನಿಗೆ ಜೀವ ಬಂತು. 1549ರಲ್ಲಿ ಅಹಮದನಗರದಲ್ಲಿ ಎರಕ ಹೊಯ್ದ ತೋಪು. ಹದಿನಾಲ್ಕು ಅಡಿಗಿಂತ ಉದ್ದ, ಸುಮಾರು 55 ಟನ್ ತೂಕ. ಬಾಯಿಯ ಶಿಲ್ಪದಲ್ಲಿ ಮೃಗವೊಂದು ಆನೆಯನ್ನು ನುಂಗುತ್ತಿದೆ. 1854ರಲ್ಲಿ ಸಾತಾರೆಯ ಕಚೇರಿಯಿಂದ, ವಿಜಾಪುರದಲ್ಲಿ ಬಿದ್ದ ನಿರುಪಯೋಗಿ ಸಾಮಾನುಗಳನ್ನು ಲಿಲಾವು ಮಾಡಿರೆಂದು ಹುಕುಮು ಬಂತು. ಈ ತೋಪಿಗೆ ಬಂದ ಹೆಚ್ಚಿನ ಸವಾಲು ನೂರೈವತ್ತು ರೂಪಾಯಿ! ಬೆಲೆ ತೀರ ಕಡಿಮೆಯಾಯಿತೆಂದು ಲಿಲಾವು ರದ್ದಾಯಿತು. ಕಡಿಮೆ ಸವಾಲೇ ಅದನ್ನು ಉಳಿಸಿತೆನ್ನಬೇಕು.

"ಹೇ ಅಫಜಲಖಾನಾಚಂ ಗಾವ್ ನಾ?" ಎಂದು ಹುಡುಗ ಕೇಳಿದ. ಮಹಾರಾಷ್ಟ್ರದಲ್ಲಿ ನಾಲ್ಕನೆಯ ಇಯತ್ತೆಯ ಇತಿಹಾಸ ಓದಿದ ಯಾವ ಮಗುವೂ ಕೇಳುವ ಪ್ರಶ್ನೆ. ನಮ್ಮ ಕನ್ನಡ ಶಾಲೆಯ ಪುಸ್ತಕದಲ್ಲಿಯೂ ಅದೇ ಪಾಠ. ಹೌದು, 1659ರಲ್ಲಿ ಪ್ರತಾಪಗಡದ ಕೆಳಗೆ ಶಿವಾಜಿ ಮಹಾರಾಜರ ಕೈಯಲ್ಲಿ ಸತ್ತ ಅಫಜಲಖಾನ ಇಲ್ಲಿಂದಲೇ ಹೊರಟವನು. ಮಹಾರಾಜರ ತಂದೆ ಶಹಾಜಿರಾಜೆ ಇದೇ ದರಬಾರಿನ ಸರದಾರರಾಗಿದ್ದರೆಂಬುದೂ, ನಮ್ಮ ಡಫಳೆಯವರು ಇಲ್ಲಿಯೇ ಚಾಕರಿ ಮಾಡಿದರೆಂಬುದೂ ಅಷ್ಟೇ ನಿಜ. ಇವನ್ನೆಲ್ಲ ಒಟ್ಟಿಗೆ ಕೇಳಿ ಹುಡುಗ ಸ್ವಲ್ಪ ಹೊತ್ತು ಸುಮ್ಮನಾದ.

ಇಬ್ರಾಹಿಂ ರೋಜಾ ಕೋಟೆಯ ಪಡುವಣ ಹೊರಗಿದೆ. ಗೋಳಗುಮ್ಮಟ ಗಾತ್ರಕ್ಕೆ ದೊಡ್ಡದು, ಕೆತ್ತನೆಗೆ ಇದು. ನನ್ನನ್ನು ಕೇಳಿದರೆ ವಿಜಾಪುರದಲ್ಲಿ ಒಂದನ್ನೇ ನೋಡುವುದಾದರೆ ಇದನ್ನು ನೋಡಬೇಕು. ಎರಡನೆಯ ಇಬ್ರಾಹಿಂ ಆದಿಲಶಹ (1580-1627) ಮತ್ತು ಅವನ ರಾಣಿ ತಾಜಸುಲ್ತಾನೆ ಇಲ್ಲಿ ಮಲಗಿದ್ದಾರೆ. ಕಿಡಕಿಗಳ ಜಾಳಿಗೆಯನ್ನು ಅಕ್ಷರಗಳಿಂದಲೇ ಕೊರೆದಿದ್ದಾರೆ. ಅಕ್ಷರಗಳ ನಡುವಿನ ತೂತಿನಿಂದ ಒಳಗೆ ಬೆಳಕು. ಈ ಅರಸನು ದಖನಿ ಭಾಷೆಯಲ್ಲಿ 'ಕಿತಾಬ್-ಎ-ನವರಸ' ಬರೆದು ಅದರಲ್ಲಿ ಸರಸ್ವತಿ ಗಣಪತಿಯರನ್ನು ನೆನೆದವನು. ಅವನ ಹತ್ತಿರ ಬಂದಿದ್ದ ಮೊಗಲ ರಾಯಭಾರಿ ಅಸದ್ ಬೇಗನ ಬರಹದಂತೆ, ಪಾರ್ಸಿಗಿಂತ ಮರಾಠಿ ಅವನ ನಾಲಿಗೆಗೆ ಸಲೀಸು. ನಮ್ಮ ಗಾಡಿಯಲ್ಲಿ ನಡೆದಿದ್ದ ಭಾಷೆಗಳ ಕಲಸುಮೇಲೋಗರ ಅವನಿಗೆ ಹೊಸದೆನಿಸುತ್ತಿರಲಿಲ್ಲ.

"ಇದಕ್ಕ ಎಷ್ಟ ಖರ್ಚಾತು?" ಎಂದು ಅಜ್ಜಿ ಕೇಳಿದಳು. ಅದಕ್ಕೆ ಉತ್ತರ ಅಲ್ಲಿಯ ಪಾರ್ಸಿ ಶಾಸನದಲ್ಲೇ ಇದೆ: ಒಂದೂವರೆ ಲಕ್ಷ ಹೊನ್ನು, ಮೇಲೆ ಒಂಬೈನೂರು. ಕೆಲಸ ಮಾಡಿಸಿದವನು ಮಲಿಕ್ ಸಂದಲ. "ಕೂಲಿ ಅದರಾಗ ಬಂತೇನು?" ಎಂದು ಅವಳ ಮರುಪ್ರಶ್ನೆ. ಆ ಒಂಬೈನೂರನ್ನು ಅಷ್ಟು ಕಟ್ಟುನಿಟ್ಟಾಗಿ ಬರೆದಿಟ್ಟವರು ಕೂಲಿಯ ಲೆಕ್ಕವನ್ನೂ ಇಟ್ಟಿರಬೇಕೆಂದು ನಾನು ಹೇಳಿದೆ. ಅವಳು ಒಪ್ಪಲಿಲ್ಲ.

ಇನ್ನು ನೀರು. ಮಕ್ಕಾ ದರವಾಜೆಯ ಹತ್ತಿರದ ತಾಜಬಾವಡಿಗೆ ಬಂದಾಗ ಬಿಸಿಲು ಇಳಿದಿತ್ತು. ಅದೇ ತಾಜಸುಲ್ತಾನೆಯ ಹೆಸರಿನಲ್ಲಿ ಅದೇ ಮಲಿಕ್ ಸಂದಲ 1620ರಲ್ಲಿ ಕಟ್ಟಿಸಿದ ಬಾವಿ. ಪ್ರತಿ ಮಗ್ಗಲು 220 ಅಡಿಗಿಂತ ಹೆಚ್ಚಿನ ಚೌಕ, ಐವತ್ತು ಅಡಿಯ ಆಳ, ಮುಂದೆ ದೊಡ್ಡ ಕಮಾನು, ಎರಡು ಬದಿಗೆ ಬುರುಜು. ದೂರದಿಂದ ಬಂದವರು ಉಳಿಯಲೆಂದು ಸುತ್ತಲೂ ಕೋಣೆಗಳು. ಬಾವಿಗಳಷ್ಟೇ ಸಾಲಲಿಲ್ಲ. ಪಡುವಣದ ತೊರವಿಯಿಂದ ನೆಲದೊಳಗೆ ಸುರಂಗ ಕೊರೆದು ನೀರು ತಂದರು. ನಡುನಡುವೆ ಗಾಳಿಗೂ ಹೂಳು ತೆಗೆಯುವುದಕ್ಕೂ ಬಾವಿಯಂಥ ಕಂಡಿಗಳನ್ನಿಟ್ಟರು. 1651ರಲ್ಲಿ ಮಹಮ್ಮದ ಆದಿಲಶಹ ಊರ ದಕ್ಷಿಣಕ್ಕೆ ಬೇಗಂ ತಲಾಬವನ್ನು ಕಟ್ಟಿಸಿ, ಗಾರೆಯಲ್ಲಿ ಹುದುಗಿಸಿದ ಮಣ್ಣಿನ ಕೊಳವೆಗಳಿಂದ ಊರಿಗೆ ನೀರು ಹರಿಸಿದ.

ಕೊಳವೆಯ ದಾರಿಯಲ್ಲಿ ಅಲ್ಲಲ್ಲಿ 'ಗಂಜ್' ಎಂಬ ಚೌಕ ಗೋಪುರಗಳು. ಕೆಲವು ಇಂದಿಗೂ ಊರೊಳಗೆ ನಿಂತಿವೆ. ಗೈಡುಗಳು ಇವನ್ನು ತೋರಿಸುವುದಿಲ್ಲ, ಯಾರೂ ಇವುಗಳ ಮುಂದೆ ಫೋಟೋ ತೆಗೆಸಿಕೊಳ್ಳುವುದಿಲ್ಲ. ಇವುಗಳ ಕೆಲಸ ಕೇಳಿರಿ. ಎತ್ತರದಿಂದ ಬಂದ ನೀರನ್ನು ಮುಚ್ಚಿದ ಕೊಳವೆಯಲ್ಲಿ ಒಂದೇ ಸಮನೆ ದೂರ ಒಯ್ದರೆ ಒತ್ತಡ ಏರಿ ಮಣ್ಣಿನ ಕೊಳವೆಯ ಸಂದು ಬಿರಿಯುತ್ತದೆ. ನಡುವೆ ಬಾಯಿ ತೆರೆದ ಗೋಪುರವಿದ್ದರೆ ನೀರು ಅದರೊಳಗೆ ಮೇಲೇರಿ ಒತ್ತಡ ಇಳಿಯುತ್ತದೆ. ಸಿಕ್ಕಿಕೊಂಡ ಗಾಳಿ ಹೊರಗೆ ಹೋಗುತ್ತದೆ. ರಾಡಿ ತಳಕ್ಕೆ ಕೂತು ಮೇಲಿನ ತಿಳಿನೀರು ಮುಂದೆ ಹರಿಯುತ್ತದೆ. ನಿಮ್ಮ ಊರ ನಳದ ಟಾಕಿಯ ಹಿಂದೆ ಇರುವ ತತ್ವವೂ ಇದೇ. 1686ರ ಸಪ್ಟೆಂಬರದಲ್ಲಿ ಔರಂಗಜೇಬನ ಮುತ್ತಿಗೆಗೆ ಸಿಕಂದರ ಆದಿಲಶಹ ಶರಣಾದ ಮೇಲೆ ಊರು ಬರಿದಾಯಿತು, ಕೊಳವೆಗಳನ್ನು ದುರಸ್ತಿ ಮಾಡುವ ಕೈಗಳೂ ಹೋದವು. ಗೋಡೆ ನೂರಾರು ವರ್ಷ ಯಾರ ಆರೈಕೆಯಿಲ್ಲದೆ ನಿಲ್ಲಬಲ್ಲದು, ಕೊಳವೆ ನಿಲ್ಲಲಾರದು.

ತಿರುಗಿ ಬರುವಾಗ ತೊರವಿಯಲ್ಲಿ ಇಳಿದೆವು. ಕನ್ನಡ ಶಿಕ್ಷಕನಾದ ನನಗೆ ಇದು ಮುಖ್ಯವಾದ ಊರು. ಇಲ್ಲಿಯ ನರಸಿಂಹನ ಅಂಕಿತದಲ್ಲಿ ಕುಮಾರವಾಲ್ಮೀಕಿ ಎನಿಸಿದ ನರಹರಿಯು ಭಾಮಿನಿ ಷಟ್ಪದಿಯಲ್ಲಿ 'ತೊರವೆ ರಾಮಾಯಣ' ರಚಿಸಿದ. 1599ರಲ್ಲಿ ಇಬ್ರಾಹಿಂ ಆದಿಲಶಹ ನವರಸಪುರವೆಂಬ ಹೊಸ ಪಟ್ಟಣ ಕಟ್ಟತೊಡಗಿದ್ದೂ ಇಲ್ಲಿಯೇ. 1624ರಲ್ಲಿ ಮಲಿಕ್ ಅಂಬರನು ಅದನ್ನು ಹಾಳುಮಾಡಿದ, ಈಗ ಸಂಗೀತ ಮಹಲಿನ ಮುರುಕು ಕಮಾನುಗಳಿವೆ. ವಿಜಾಪುರಕ್ಕೆ ನೀರು ಕೊಟ್ಟ ಊರೇ ಕನ್ನಡಕ್ಕೆ ರಾಮಾಯಣವನ್ನೂ ಕೊಟ್ಟಿದೆ. ಅಜ್ಜಿ ನರಸಿಂಹನಿಗೆ ಕಾಯಿ ಒಡೆಸಿದಳು. ಹೊರಗೆ ಹುಡುಗ ಬಸ್‌ಸ್ಟ್ಯಾಂಡಿನ ಫಲಕದ ಮುಂದೆ ನಿಂತು ಅಕ್ಕನಿಂದ ಹೇಳಿಸಿಕೊಂಡು 'ತೊ', 'ರ', 'ವಿ' ಎಂದು ಬೆರಳಿಟ್ಟು ಓದುತ್ತಿದ್ದ.

ಹೊಲದ ಅಂಚಿನಲ್ಲಿ ಹಳೆಯ ಸುರಂಗದ ಒಂದು ಕಂಡಿ ಇತ್ತು. ಅಜ್ಜಿ ಕೈಹಿಡಿದುಕೊಂಡು ಹತ್ತಿರ ಹೋಗಿ ಒಂದು ಹರಳು ಹಾಕಿದಳು. ನಾವೆಲ್ಲ ಕಿವಿಗೊಟ್ಟೆವು. ಕಲ್ಲಿಗೆ ಕಲ್ಲು ಬಡಿದ ಸಪ್ಪಳ ಬಂತು.

ಮನೆ ಮುಟ್ಟಿದಾಗ ರಾತ್ರಿ ಒಂಬತ್ತು. ಟ್ಯಾಂಕರಿನ ನಮ್ಮ ಸರದಿ ಮರುದಿನ ನಸುಕಿಗೆ ಇತ್ತು. ಅಜ್ಜಿ ಮಲಗುವ ಮುಂಚೆ ಹುಡುಗನಿಂದ ಕೊಡಗಳನ್ನೆಲ್ಲ ಹೊರಗೆ ತರಿಸಿ, ಬಾಗಿಲ ಮುಂದೆ ಸಾಲಾಗಿ ಇಡಿಸಿದಳು.